ಸೋನಮಾರ್ಗ್‌ನಿಂದ ನಾರಾನಾಗ್: ಐದು ದಿನ ಸಾಕಾ, ಏಳು ಬೇಕಾ?

ಕೌಲ್‌ಬಜಾರ್ ಹುಡುಗಿ
ಎಲ್ಲರಿಗೂ ನಮಸ್ಕಾರ. ಬರುವ ಆಗಸ್ಟ್‌ನಲ್ಲಿ ಕಾಶ್ಮೀರದ ಗ್ರೇಟ್ ಲೇಕ್ಸ್ ಟ್ರೆಕ್, ಅಂದರೆ ಸೋನಮಾರ್ಗ್‌ನಿಂದ ನಾರಾನಾಗ್ ತನಕ ಬೆಟ್ಟದ ಸರೋವರಗಳ ದಾರಿ, ಮಾಡೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ಅಕ್ಕ, ಭಾವ, ರಾಯಚೂರಿನ ಗೆಳತಿ, ಜೊತೆಗೆ ಗಂಗಾವತಿಯ ಚಿಕ್ಕಮ್ಮ. ಚಿಕ್ಕಮ್ಮನಿಗೆ ಐವತ್ತು ದಾಟಿದೆ, ಆದರೆ ಶನಿವಾರ ಬಂದರೆ ಅಂಜನಾದ್ರಿ ಹತ್ತಿ ಇಳಿಯುತ್ತಾರೆ. 575 ಮೆಟ್ಟಿಲು, ನಡುವೆ ಕೂರುವ ಮಾತೇ ಇಲ್ಲ. ಹಿಂದೆ ಬೀಳುವವರು ನಾವು.

ಜಗಳ ಇರುವುದು ದಿನದ ಲೆಕ್ಕದಲ್ಲಿ. ಎಲ್ಲರೂ ಏಳು ದಿನ ಅನ್ನುತ್ತಾರೆ. ಭಾವನಿಗೆ ರಜೆ ಇಲ್ಲ, ಐದೇ ದಿನದಲ್ಲಿ ಮುಗಿಸೋಣ ಅಂತ ಹಟ. ಅವರ ಪ್ಲಾನ್ ಹೀಗಿದೆ: ಹೈದರಾಬಾದ್‌ನಿಂದ ವಿಮಾನದಲ್ಲಿ ಶ್ರೀನಗರ, ಅವತ್ತೇ ಸಂಜೆ ಸೋನಮಾರ್ಗ್. ಮರುದಿನ ಬೆಳಗ್ಗೆ ನಡಿಗೆ ಶುರು, ರಾತ್ರಿ ನಿಚ್ನಾಯ್. ಎರಡನೇ ದಿನ ನಿಚ್ನಾಯ್ ಪಾಸ್ (ಬೆಟ್ಟಸಾಲು ದಾಟುವ ಕಣಿವೆ ದಾರಿ) ದಾಟಿ ವಿಶನ್‌ಸರ್ ಸರೋವರ. ಮೂರನೇ ದಿನ ಗಡ್‌ಸರ್ ಪಾಸ್ ದಾಟಿ ಗಡ್‌ಸರ್. ನಾಲ್ಕನೇ ದಿನ ಸತ್‌ಸರ್‌ನಲ್ಲಿ ನಿಲ್ಲದೆ ಜಾಜ್ ಪಾಸ್ ಹತ್ತಿ ಸೀದಾ ಗಂಗಬಲ್. ಐದನೇ ದಿನ ನಾರಾನಾಗ್‌ಗೆ ಇಳಿದು ಶ್ರೀನಗರ. ಒಟ್ಟು 70–75 ಕಿ.ಮೀ. ತಾನೆ, ದಿನಕ್ಕೆ ಹದಿನೈದು ಬಿದ್ದರೆ ಆಯ್ತು ಅಂತಾರೆ.

ಲೆಕ್ಕ ಸರಿಯಾಗೇ ಕಾಣುತ್ತದೆ, ಆದರೂ ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಹೋಗಿ ಬಂದವರು ಹೇಳಿ. ಬ್ಯಾಗ್ ನಾವೇ ಹೊರಬೇಕಾ, ಕುದುರೆಗೆ ಹಾಕಬೇಕಾ, ಊಟಕ್ಕೆ ಊರಿಂದ ಏನು ಒಯ್ಯಬಹುದು, ಅದನ್ನೂ ತಿಳಿಸಿ.

ಗಣಿಧೂಳು
ಐದು ದಿನ ಧಾರಾಳ ಸಾಕು. ನಾವು ಹುಡುಗರು ಹಾಗೇ ಮಾಡಿ ಬಂದಿದ್ದೇವೆ. ಏಳು ದಿನ ಅನ್ನುವುದು ದುಡ್ಡು ಮಾಡುವವರ ಲೆಕ್ಕ. ಬಳ್ಳಾರಿ ಬಿಸಿಲಲ್ಲಿ ಓಡಾಡುವವರಿಗೆ ಅಲ್ಲಿಯ ತಂಪಲ್ಲಿ ನಡೆಯುವುದು ಏನು ಮಹಾ?

ಸಂಡೂರು ಸುತ್ತಾಟ
ತಂಗಿ, ನಿಮ್ಮ ಭಾವ ಕಿಲೋಮೀಟರ್ ಲೆಕ್ಕ ಹಾಕಿದ್ದಾರೆ. ಎತ್ತರದ ಲೆಕ್ಕ ಹಾಕಿಲ್ಲ. ಈ ದಾರಿಯಲ್ಲಿ ಬೇಕಾಗುವುದು ಎರಡನೆಯದು.

ಬಳ್ಳಾರಿ ಸಮುದ್ರಮಟ್ಟದಿಂದ 500 ಮೀಟರ್ ಕೂಡ ಇಲ್ಲ. ಶ್ರೀನಗರ ಸುಮಾರು 1,600. ಸೋನಮಾರ್ಗ್ 2,700ಕ್ಕೂ ಮೇಲೆ. ಅಂದರೆ ನಡಿಗೆ ಶುರು ಮಾಡುವ ಜಾಗವೇ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ 800 ಮೀಟರ್ ಎತ್ತರ. ಮೊದಲ ರಾತ್ರಿಯ ಕ್ಯಾಂಪ್ ಹತ್ತಿರ ಹತ್ತಿರ 3,500. ಭಾವನ ಪ್ಲಾನ್ ಪ್ರಕಾರ ಇವತ್ತು ಹೈದರಾಬಾದ್‌ನಲ್ಲಿ ತಿಂಡಿ, ನಾಳೆ ರಾತ್ರಿ 3,500 ಮೀಟರ್‌ನಲ್ಲಿ ನಿದ್ದೆ. ಮೂರನೇ ದಿನ 4,200ರ ಗಡ್‌ಸರ್ ಪಾಸ್. ಇಡೀ ದಾರಿಯಲ್ಲಿ ಅದೇ ತುತ್ತತುದಿ.

ಎಲ್ಲರೂ ವಿಶನ್‌ಸರ್‌ನಲ್ಲಿ ಒಂದು ದಿನ ಪೂರ್ತಿ ನಿಲ್ಲುವುದು ಫೋಟೋ ತೆಗೆಯಲಿಕ್ಕಲ್ಲ. ಅಲ್ಲಿಂದ ಸ್ವಲ್ಪ ಮೇಲಕ್ಕೆ ಕಿಶನ್‌ಸರ್ ಇದೆ. ಹಗಲು ಅಲ್ಲಿಗೆ ಹತ್ತಿ, ಸಂಜೆ ಇಳಿದು ಬಂದು ಮಲಗುತ್ತೀರಿ. ಮೈ ಹೊಂದಿಕೊಳ್ಳುತ್ತದೆ. ಆ ದಿನವನ್ನೇ ಹೊಡೆದುಹಾಕಿದರೆ ಉಳಿದದ್ದೆಲ್ಲ ಅದೃಷ್ಟದ ಮೇಲೆ.

ಇನ್ನೊಂದು ವಿಷಯ. ವಿಶನ್‌ಸರ್ ತನಕ ಏನಾದರೂ ಆದರೆ ಬಂದ ದಾರಿಯಲ್ಲೇ ಸೋನಮಾರ್ಗ್‌ಗೆ ವಾಪಸ್ ಬರಬಹುದು. ಗಡ್‌ಸರ್ ಪಾಸ್ ದಾಟಿದ ಮೇಲೆ ಹತ್ತಿರದಲ್ಲಿ ರಸ್ತೆಯೇ ಇಲ್ಲ. ಹಿಂದಕ್ಕೆ ಬರಬೇಕೆಂದರೆ ಅದೇ ಪಾಸ್ ಮತ್ತೆ ಹತ್ತಬೇಕು, ಮುಂದೆ ಹೋಗಬೇಕೆಂದರೆ ಜಾಜ್ ಪಾಸ್. ಹಾಗಾಗಿ ಗಡ್‌ಸರ್‌ಗೆ ಹೊರಡುವ ಬೆಳಗ್ಗೆ ಎಲ್ಲರೂ ಆರಾಮ ಇರಬೇಕು. ಒಬ್ಬರಿಗೆ ತಲೆನೋವು ಇದ್ದರೂ ಹತ್ತಬಾರದು.

ಗಣಿಧೂಳು
ಸುತ್ತಾಟ ಅಣ್ಣ, ಹೆದರಿಸಬೇಡಿ. ನಮ್ಮಲ್ಲಿ ಇಬ್ಬರಿಗೆ ಎರಡು ರಾತ್ರಿ ತಲೆನೋವು ಬಂತು, ವಾಂತಿ ಆಯ್ತು, ಮಾತ್ರೆ ನುಂಗಿ ಮಲಗಿದರು. ಬೆಳಗ್ಗೆ ಎದ್ದು ನಡೆದರು. ಅಷ್ಟೇ.

ಸಿಂಧನೂರು ಡಾಕ್ಟ್ರು
ಅಷ್ಟೇ ಅಂತೀರಲ್ಲ, ನೀವು ಹೇಳಿದ್ದೇ ಎತ್ತರದ ಕಾಯಿಲೆ. ತಲೆನೋವಿನ ಜೊತೆ ವಾಂತಿ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದು ಸೇರಿದರೂ ಸಾಕು, ಹಾಗೇ ಅಂದುಕೊಳ್ಳಬೇಕು. ಅದನ್ನು ಇಟ್ಟುಕೊಂಡು ಮೇಲಕ್ಕೆ ಹತ್ತಿದರೆ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಕೆಲವರಿಗೆ ಮೆದುಳು ಊದಿಕೊಳ್ಳುತ್ತದೆ. ಎಲ್ಲರಿಗೂ ಆಗುವುದಿಲ್ಲ. ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲಿಕ್ಕೂ ಬರುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ 21 ಶೇಕಡಾನೇ. ಆದರೆ 4,200 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 60 ಶೇಕಡಾ ಮಾತ್ರ. ಪ್ರತಿ ಉಸಿರಿಗೆ ಸಿಗುವುದೂ ಅಷ್ಟೇ. ಇದಕ್ಕೂ ಬಿಸಿಲು ತಡೆಯುವ ಶಕ್ತಿಗೂ ಏನೂ ಸಂಬಂಧ ಇಲ್ಲ. ಗಟ್ಟಿಮುಟ್ಟಾದ ಹುಡುಗರಿಗೇ ಜಾಸ್ತಿ ಆಗುವುದನ್ನು ನೋಡಿದ್ದೇನೆ, ಯಾಕೆಂದರೆ ಅವರು ಓಡುತ್ತಾರೆ.

ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು ಇದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ಒಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ಈ ಟ್ರೆಕ್‌ನಲ್ಲಿ ಮೊದಲ ದಿನವೇ 700 ಏರುತ್ತೀರಿ. ಅದನ್ನು ತಪ್ಪಿಸಲು ಆಗುವುದಿಲ್ಲ, ಹಾಗಾಗಿ ಸೋನಮಾರ್ಗ್‌ನಲ್ಲೇ ಎರಡು ರಾತ್ರಿ ಇರಿ.

ಲಿಂಗಸುಗೂರು ಲೋಕಲ್
ಡಾಕ್ಟ್ರೇ, ಕರ್ಪೂರ ಮೂಸಿದರೆ ಆಗಲ್ವಾ? ಅಮರನಾಥಕ್ಕೆ ಹೋದ ನಮ್ಮ ಓಣಿಯವರು ಎಲ್ಲರೂ ಕರ್ಪೂರದ ಪೊಟ್ಟಣ ಕೊರಳಿಗೆ ಕಟ್ಟಿಕೊಂಡಿದ್ದರು.

ಸಿಂಧನೂರು ಡಾಕ್ಟ್ರು
ಮೂಗು ಬಿಟ್ಟಂತೆ ಅನಿಸುತ್ತದೆ. ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಪೂಜೆಗೆ ಇಟ್ಟುಕೊಳ್ಳಿ.

ಕೌಲ್‌ಬಜಾರ್ ಹುಡುಗಿ
ಡೈಮಾಕ್ಸ್ ಮಾತ್ರೆ ತಗೊಂಡರೆ ಐದು ದಿನದಲ್ಲಿ ಮಾಡಬಹುದು ಅಂತ ಭಾವ ಎಲ್ಲೋ ಓದಿದ್ದಾರಂತೆ.

ಸಿಂಧನೂರು ಡಾಕ್ಟ್ರು
ಡೈಮಾಕ್ಸ್ ಅಂದರೆ ಅಸೆಟಜೋಲಮೈಡ್. ಮೈ ಹೊಂದಿಕೊಳ್ಳುವುದನ್ನು ಸ್ವಲ್ಪ ಬೇಗ ಮಾಡಿಸುತ್ತದೆ, ರಜೆ ಉಳಿಸುವುದಕ್ಕಲ್ಲ. ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತೇವೆ. ಸಲ್ಫಾ ಔಷಧ ಆಗದವರು, ಮೂತ್ರಪಿಂಡದ ತೊಂದರೆ ಇರುವವರು ಸುಮ್ನೆ ಅಂಗಡಿಯಿಂದ ತಂದು ನುಂಗಬಾರದು. ಐದೂ ಜನ ನಿಮ್ಮ ನಿಮ್ಮ ಡಾಕ್ಟರ್ ಹತ್ತಿರ ಹೋಗಿ ತೋರಿಸಿ, ಚಿಕ್ಕಮ್ಮನ ಬಿಪಿ, ಶುಗರ್ ಕೂಡ ನೋಡಿಸಿ. ಬೆರಳ ತುದಿ ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ರಾತ್ರಿ ಚಳಿಯಲ್ಲಿ ಟೆಂಟ್ ಜಿಪ್ ತೆಗೆದು ಹೊರಗೆ ಹೋಗುವುದು ಏನು ಅಂತ ಅಲ್ಲಿ ಗೊತ್ತಾಗುತ್ತದೆ.

ಒಂದು ಪರೀಕ್ಷೆ ಕಲಿತುಕೊಳ್ಳಿ. ಯಾರಾದರೂ ಮಂಕಾಗಿದ್ದರೆ ನೆಟ್ಟಗೆ ಒಂದು ಗೆರೆ ಮೇಲೆ, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ ನಡೆಸಿ. ಓಲಾಡಿದರೆ ಮೆದುಳಿಗೆ ತಾಗಿದೆ ಅಂತ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಶ್ವಾಸಕೋಶ. ಎರಡಕ್ಕೂ ಇಳಿಸುವುದೇ ಮದ್ದು. ಬೆಳಗಾಗಲಿ ಅಂತ ಕಾಯಬಾರದು.

ಜೀನ್ಸ್ ನಗರಿ
ಬಟ್ಟೆ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲಿ ಜೀನ್ಸ್ ಹೊಲಿಯುವುದೇ ಕೆಲಸ. ದಯವಿಟ್ಟು ನಮ್ಮ ಮಾಲು ಹಾಕಿಕೊಂಡು ಹೋಗಬೇಡಿ. ಡೆನಿಮ್ ನೆಂದರೆ ಎರಡು ದಿನ ಒಣಗಲ್ಲ, ತೊಡೆ ಉಜ್ಜಿ ಉಜ್ಜಿ ಗಾಯ ಆಗುತ್ತದೆ. ಬನಿಯನ್ ಕೂಡ ಹತ್ತಿಯದ್ದು ಬೇಡ, ಬೆವರು ಹೀರಿ ಅಲ್ಲೇ ಇಟ್ಟುಕೊಳ್ಳುತ್ತದೆ, ನಿಂತ ಕೂಡಲೇ ಬೆನ್ನು ಕೊರೆಯುತ್ತದೆ. ಆಟದವರು ಹಾಕುವ ಪಾಲಿಯೆಸ್ಟರ್ ಟೀ ಶರ್ಟ್, ಅದರ ಮೇಲೆ ಫ್ಲೀಸ್, ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್. ಮಲಗುವಾಗ ಹಾಕಲು ಒಂದು ಜೊತೆ ಬಟ್ಟೆ ಮತ್ತು ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಎಷ್ಟೇ ಆಸೆ ಆದರೂ ಹಗಲು ಅದನ್ನು ಮುಟ್ಟಬಾರದು.

ಗಣಿಧೂಳು
ನಾನು ಜೀನ್ಸ್‌ನಲ್ಲೇ ಹೋಗಿದ್ದೆ 😄

ಜೀನ್ಸ್ ನಗರಿ
ನಿಮ್ಮ ಬಗ್ಗೆ ಅನುಮಾನ ಇತ್ತು, ಈಗ ಖಾತ್ರಿ ಆಯ್ತು.

ರಾಯಚೂರು ರೊಟ್ಟಿ
ಊಟದ ವಿಷಯ ಯಾರೂ ಎತ್ತಿಲ್ಲ ನೋಡಿ. ಖಡಕ್ ರೊಟ್ಟಿಗಿಂತ ಒಳ್ಳೆಯ ಟ್ರೆಕ್ ಊಟ ಯಾವುದಿದೆ? ಹಗುರ, ವಾರಗಟ್ಟಲೆ ಕೆಡುವುದಿಲ್ಲ, ಬೇಯಿಸುವ ಕೆಲಸ ಇಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಂದೊಂದು ಡಬ್ಬಿ. ಹಿಂಡಿಗೆ ಅಲ್ಲೇ ಸ್ವಲ್ಪ ಎಣ್ಣೆ ಹಾಕಿ ಕಲಸಿದರೆ ಆಯ್ತು. ಎಣ್ಣೆ, ಶೇಂಗಾ ಎರಡೂ ಚಳಿಗೆ ಬೇಕಾದದ್ದೇ.

ಕಟ್ಟುವ ಕ್ರಮ ಮುಖ್ಯ. ರೊಟ್ಟಿ ಪೂರ್ತಿ ಆರಿ ಗರಿಗರಿ ಆಗಿರಬೇಕು, ಬಿಸಿ ಇದ್ದಾಗ ಕಟ್ಟಿದರೆ ಬೂಸು ಬರುತ್ತದೆ. ಬಿಳಿ ಬಟ್ಟೆಯಲ್ಲಿ ಸುತ್ತಿ, ಅಗಲ ಬಾಯಿಯ ಡಬ್ಬಿಗೆ ಒತ್ತಾಗಿ ಇಡಿ. ಸಡಿಲ ಇಟ್ಟರೆ ವಿಶನ್‌ಸರ್ ಮುಟ್ಟುವಷ್ಟರಲ್ಲಿ ನುಚ್ಚು. ನುಚ್ಚಾದರೂ ಚಿಂತೆ ಇಲ್ಲ, ಬಿಸಿ ಸಾರಿಗೆ ಹಾಕಿ ತಿನ್ನಿ.

ಸಂಡೂರು ಸುತ್ತಾಟ
ರೊಟ್ಟಿ ಅಕ್ಕನ ಮಾತು ನಿಜ. ಮೇಲೆ ಅನ್ನ ಬೇಯುವುದೇ ಕಷ್ಟ. 4,000 ಮೀಟರ್ ಆಸುಪಾಸಿನಲ್ಲಿ ನೀರು 86–87 ಡಿಗ್ರಿಗೇ ಕುದಿಯಲು ಶುರು ಮಾಡುತ್ತದೆ. ಕುದಿಯುತ್ತಿರುತ್ತದೆ, ಅಕ್ಕಿ ಮಾತ್ರ ನಡುವೆ ಗಟ್ಟಿ. ಕುಕ್ಕರ್ ಇಲ್ಲದೆ ಬೇಳೆ ಅಂತೂ ಆಸೆ ಬಿಡಿ. ಸಣ್ಣ ಶ್ಯಾವಿಗೆ, ಅವಲಕ್ಕಿ, ಹುರಿದ ರವೆ ಆಗುತ್ತದೆ. ನೀವೇ ಒಲೆ ಒಯ್ಯುವುದಾದರೆ ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ರೈಲಿನಲ್ಲೂ ಒಯ್ಯುವಂತಿಲ್ಲ. ಶ್ರೀನಗರದಲ್ಲೇ ಕೊಳ್ಳಬೇಕು. ಪವರ್‌ಬ್ಯಾಂಕ್ ಕೈಚೀಲದಲ್ಲಿ ಇರಲಿ, ಲಗೇಜಿಗೆ ಹಾಕಿದರೆ ತೆಗೆಸುತ್ತಾರೆ.

ಮಿರ್ಚಿ ಮಂಡಕ್ಕಿ
ಅಷ್ಟು ಮೇಲೆ ಮಿರ್ಚಿ ಕರಿಯಬಹುದಾ? ಎಣ್ಣೆಗೂ ಇದೇ ಕಥೆನಾ? ಗಂಭೀರವಾಗಿ ಕೇಳುತ್ತಿದ್ದೇನೆ.

ಸಿಂಧನೂರು ಡಾಕ್ಟ್ರು
ಎಣ್ಣೆ ಕಾಯುತ್ತದೆ, ಕರಿಯಬಹುದು. ಹೊಟ್ಟೆ ಒಪ್ಪಲ್ಲ. ಎತ್ತರದಲ್ಲಿ ಹಸಿವೇ ಕಡಿಮೆ ಆಗುತ್ತದೆ, ಅದಕ್ಕೇ ನಾಲಿಗೆಗೆ ಹಿಡಿಸುವ ಊರಿನ ತಿಂಡಿ ಒಯ್ಯುವುದು ಒಳ್ಳೆಯದು.

ಕೊಪ್ಪಳ ಕೋಟೆ
ತಯಾರಿ ಬಗ್ಗೆ. ಚಿಕ್ಕಮ್ಮನ ಅಂಜನಾದ್ರಿ ಒಳ್ಳೆಯದೇ, ಆದರೆ ಬೆನ್ನಿಗೆ ಭಾರ ಇಲ್ಲದೆ ಹತ್ತುವುದು ಬೇರೆ. ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿ ಎಂಟು ಕೆಜಿ ಮಾಡಿಕೊಂಡು ಹತ್ತಲಿ. ಮುಖ್ಯ ಇಳಿಯುವುದನ್ನು ಅಭ್ಯಾಸ ಮಾಡಬೇಕು. ಕೊನೆಯ ದಿನ ಗಂಗಬಲ್‌ನಿಂದ ನಾರಾನಾಗ್‌ಗೆ ಸಾವಿರ ಮೀಟರ್‌ಗೂ ಜಾಸ್ತಿ ಇಳಿಜಾರು, ಪೈನ್ ಕಾಡಿನೊಳಗೆ ಸಡಿಲ ಮಣ್ಣು. ಮಂಡಿ ಅಳುತ್ತದೆ. ಎರಡು ಕೋಲು ಬೇಕೇ ಬೇಕು.

ಹಂಪಿ ಕಡೆ ಬಂದರೆ ಮಾತಂಗ ಬೆಟ್ಟವೂ ಆಗುತ್ತದೆ. ಬಳ್ಳಾರಿ ಜಿಲ್ಲೆಯವರಿಗೆ ಅದಕ್ಕಿಂತ ಒಳ್ಳೆಯ ಮೆಟ್ಟಿಲು ಇಲ್ಲ.

ಹೊಸಪೇಟೆ ಹಳಬ
ಹಂಪಿ ಈಗ ಬಳ್ಳಾರಿ ಜಿಲ್ಲೆ ಅಲ್ಲ ಸ್ವಾಮಿ. 2021ರಲ್ಲೇ ವಿಜಯನಗರ ಜಿಲ್ಲೆ ಆಗಿದೆ.

ಕೊಪ್ಪಳ ಕೋಟೆ
ಗೊತ್ತು ರೀ. ಬಾಯಿಗೆ ರೂಢಿ ಬಿಡಬೇಕಲ್ಲ.

ಜೀನ್ಸ್ ನಗರಿ
ಹಂಪಿನೂ ಹೋಯ್ತು, ಡ್ಯಾಮೂ ಹೋಯ್ತು, ನಮಗೆ ಉಳಿದದ್ದು ಬಿಸಿಲು ಮತ್ತು ಧೂಳು.

ಸಂಡೂರು ಸುತ್ತಾಟ
ಸಂಡೂರು ನಿಮ್ಮ ಹತ್ತಿರವೇ ಇದೆಯಲ್ಲ! ಮಳೆಗಾಲದಲ್ಲಿ ಕುಮಾರಸ್ವಾಮಿ ಬೆಟ್ಟದ ಕಡೆ ಬನ್ನಿ, ಮಂಜು ಇಳಿದಿರುತ್ತದೆ. ಬಳ್ಳಾರಿಯವರಿಗೆ ಇದು ಕಾಣುವುದೇ ಇಲ್ಲ. ಹೋಗಲಿ, ವಿಷಯಕ್ಕೆ ಬರೋಣ.

ಗುಂತಕಲ್ ಪ್ಯಾಸೆಂಜರ್
ಪ್ರಯಾಣದ ಬಗ್ಗೆ ನನ್ನ ಪಾಲು. ದುಡ್ಡು ಉಳಿಸಬೇಕು ಅಂದರೆ ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಗುಂತಕಲ್‌ನಲ್ಲಿ ಹತ್ತಿ, ರಾಯಚೂರಿನ ಗೆಳತಿ ರಾಯಚೂರಿನಲ್ಲೇ ಹತ್ತಲಿ, ದೆಹಲಿಗೆ ಹೋಗಿ. ಅಲ್ಲಿಂದ ಕಟ್ರಾ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ವಂದೇ ಭಾರತ್ ಓಡುತ್ತಿದೆ. ಚಿನಾಬ್ ಸೇತುವೆ ಮೇಲೆ ಹೋಗುತ್ತದೆ, ನದಿಯಿಂದ 359 ಮೀಟರ್ ಎತ್ತರ. ಅದನ್ನು ನೋಡಲಿಕ್ಕೇ ಹೋಗಬಹುದು. ಮುಂಗಡ ಟಿಕೆಟ್ ಈಗ 120 ದಿನ ಅಲ್ಲ, 60 ದಿನ ಮೊದಲು ಮಾತ್ರ ಸಿಗುತ್ತದೆ. ಆಗಸ್ಟ್ ಅಂದರೆ ಜೂನ್‌ನಲ್ಲಿ ಅಲಾರಂ ಇಟ್ಟುಕೊಂಡು ಕೂರಿ.

ಕೌಲ್‌ಬಜಾರ್ ಹುಡುಗಿ
ರಜೆಯೇ ಇಲ್ಲ ಅನ್ನುವವರಿಗೆ ರೈಲು ತೋರಿಸಿದರೆ ಭಾವ ಊಟ ಬಿಡುತ್ತಾರೆ ಅಣ್ಣ.

ಮಾನ್ವಿ ಮೌಲಾ
ನಾನು ಅಲ್ಲಿ ಸ್ವಲ್ಪ ಕಾಲ ಕೆಲಸದ ಮೇಲೆ ಇದ್ದವನು. ಬೇರೆಯವರು ಹೇಳದ್ದು ಹೇಳುತ್ತೇನೆ.

ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಬೇಕು, ಅದೂ ಸೋನಮಾರ್ಗ್ ತನಕ. ಆಮೇಲೆ ನಾರಾನಾಗ್ ಬರುವವರೆಗೆ ಸಿಗ್ನಲ್ ಮರೆತುಬಿಡಿ. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಪೊಲೀಸ್ ಸ್ಟೇಷನ್‌ಗೆ ಹೋಗಿಬಿಡುತ್ತಾರೆ. ನಗದು ಇಟ್ಟುಕೊಳ್ಳಿ.

ದಾರಿಯಲ್ಲಿ ಸೈನ್ಯದ ಕ್ಯಾಂಪ್‌ಗಳಿವೆ. ನಿಯಂತ್ರಣ ರೇಖೆ ಅಲ್ಲಿಂದ ದೂರ ಇಲ್ಲ. ಆಧಾರ್ ಅಸಲು ತೋರಿಸಬೇಕು, ಹೆಸರು ಬರೆದುಕೊಳ್ಳುತ್ತಾರೆ. ಡ್ರೋನ್ ಬೇಡವೇ ಬೇಡ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಅಲ್ಲಿ ಹಲವು ಪ್ರವಾಸಿ ಜಾಗಗಳನ್ನು ಮುಚ್ಚಿದ್ದರು. ಹಾಗಾಗಿ ಹೊರಡುವ ವಾರದಲ್ಲಿ ದಾರಿ ತೆರೆದಿದೆಯಾ, ಪರವಾನಗಿ ಕೊಡುತ್ತಿದ್ದಾರಾ ಅಂತ ಅಲ್ಲಿಯ ಪ್ರವಾಸೋದ್ಯಮ ಇಲಾಖೆಗೇ ಫೋನ್ ಮಾಡಿ ಕೇಳಿ. ಸುಮ್ನೆ ಯಾರೋ ಹಾಕಿದ ರೀಲ್ಸ್ ನಂಬಿ ಟಿಕೆಟ್ ಮಾಡಬೇಡಿ, ವಾಪಸ್ ದುಡ್ಡು ಬರುವಂಥ ಟಿಕೆಟ್ ಇರಲಿ.

ಇನ್ನೊಂದು, ಅಮರನಾಥ ಯಾತ್ರೆಯ ಬಾಲ್ತಾಲ್ ದಾರಿ ಸೋನಮಾರ್ಗ್ ಮೂಲಕವೇ ಹೋಗುತ್ತದೆ. ಯಾತ್ರೆ ಇದ್ದಾಗ ಗಾಡಿಗಳನ್ನು ಗುಂಪು ಮಾಡಿ ಬಿಡುತ್ತಾರೆ, ಅರ್ಧ ದಿನ ರಸ್ತೆಯಲ್ಲೇ ಕಳೆಯಬಹುದು. ರೂಮೂ ದುಬಾರಿ. ಯಾತ್ರೆ ಮುಗಿಯುವ ತಾರೀಖು ನೋಡಿಕೊಂಡು ಹೋದರೆ ಆರಾಮ.

ಹೊಸಪೇಟೆ ಹಳಬ
ಆಗಸ್ಟ್‌ನಲ್ಲಿ ಮಳೆ ಇರಲ್ವಾ?

ಮಾನ್ವಿ ಮೌಲಾ
ಮುಂಗಾರನ್ನು ಪೀರ್ ಪಂಜಾಲ್ ಬೆಟ್ಟಸಾಲು ತಡೆಯುತ್ತದೆ, ಉತ್ತರಾಖಂಡದಷ್ಟು ಮಳೆ ಇಲ್ಲ. ಹಾಗಂತ ಮಳೆಯೇ ಇಲ್ಲ ಅಂತಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಶ್ರೀನಗರ ಅರ್ಧ ಮುಳುಗಿತ್ತು. ಜುಲೈ ಮೊದಲ ವಾರ ಪಾಸ್‌ಗಳಲ್ಲಿ ಹಿಮ ಉಳಿದಿರುತ್ತದೆ, ಜುಲೈ ಕೊನೆಯಿಂದ ಆಗಸ್ಟ್ ನಡುವೆ ಹೂವು, ಸೆಪ್ಟೆಂಬರ್‌ನಲ್ಲಿ ಆಕಾಶ ಶುಭ್ರ ಆದರೆ ರಾತ್ರಿ ಚಳಿ ಕಚ್ಚುತ್ತದೆ. ಯಾವಾಗ ಹೋದರೂ ಪಾಸ್‌ಗಳನ್ನು ಮಧ್ಯಾಹ್ನದೊಳಗೆ ದಾಟಿಬಿಡಿ. ಮಧ್ಯಾಹ್ನದ ಮೇಲೆ ಮೋಡ ಕವಿದು ಗುಡುಗು ಶುರು. ಹಳ್ಳಗಳೂ ಅಷ್ಟೇ, ಬೆಳಗ್ಗೆ ಮಂಡಿಯ ಕೆಳಗೆ ಇದ್ದ ನೀರು ಬಿಸಿಲಿಗೆ ಹಿಮ ಕರಗಿ ಸಂಜೆಗೆ ತೊಡೆಗೆ ಬಂದಿರುತ್ತದೆ. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಿ. ಬಿದ್ದರೆ ಬ್ಯಾಗ್ ಕಳಚಿಕೊಂಡು ಏಳಲು ಬರಬೇಕು.

ಲಿಂಗಸುಗೂರು ಲೋಕಲ್
ಈ ಸರೋವರಗಳ ನೀರು ಎಲ್ಲಿಗೆ ಹೋಗುತ್ತದೆ ಅಂತ ಯಾರಿಗಾದರೂ ಗೊತ್ತಾ? ನಮ್ಮ ಕಡೆ ಕೆರೆ ಅಂದರೆ ಯಾವ ಊರಿನ ಗದ್ದೆಗೆ ನೀರು ಅಂತಲೇ ಮೊದಲ ಪ್ರಶ್ನೆ.

ಮಾನ್ವಿ ಮೌಲಾ
ಒಳ್ಳೆಯ ಪ್ರಶ್ನೆ ತಮ್ಮ. ಕಿಶನ್‌ಸರ್, ವಿಶನ್‌ಸರ್ ನೀರು ಕಿಶನ್‌ಗಂಗಾ ನದಿ ಆಗಿ ಗುರೇಜ್ ಕಡೆ ಹೋಗಿ, ಗಡಿ ಆಚೆ ನೀಲಮ್ ಅಂತ ಹೆಸರು ಪಡೆದು, ಮುಜಫರಾಬಾದ್ ಹತ್ತಿರ ಝೇಲಂ ಸೇರುತ್ತದೆ. ಗಂಗಬಲ್ ನೀರು ಪಕ್ಕದ ನುಂಡ್‌ಕೋಲ್‌ಗೆ ಬಂದು, ಅಲ್ಲಿಂದ ವಾಂಗತ್ ಹಳ್ಳವಾಗಿ ಸಿಂಧ್ ನದಿಗೆ. ಇದು ದೊಡ್ಡ ಸಿಂಧೂ ಅಲ್ಲ, ಸೋನಮಾರ್ಗ್ ಪಕ್ಕ ಹರಿಯುವ ಸಣ್ಣ ಸಿಂಧ್. ಅದೂ ಕೊನೆಗೆ ಝೇಲಂಗೇ. ನಡುವೆ ಬೆಟ್ಟ ಇದ್ದು, ಎರಡು ದಿಕ್ಕಿಗೆ ಹೊರಟ ನೀರು ಮತ್ತೆ ಒಂದೇ ನದಿಯಲ್ಲಿ ಸೇರುತ್ತದೆ. ಗಂಗಬಲ್ ನೆತ್ತಿಯ ಮೇಲೆ ಹರ್ಮುಖ್, 5,142 ಮೀಟರ್. ಕಾಶ್ಮೀರಿ ಪಂಡಿತರಿಗೆ ಅದು ತೀರ್ಥ. ಆ ನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ ರೀಲ್ಸ್ ತೆಗೆಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ರಾಯಚೂರು ರೊಟ್ಟಿ
ಹೆಂಗಸರು ಇದ್ದಾರೆ ಅಂದಮೇಲೆ ಇದನ್ನೂ ಹೇಳಬೇಕು. ಬಯಲಿಗೆ ಹೋಗುವಾಗ ನೀರಿನಿಂದ ಕನಿಷ್ಠ 60 ಮೀಟರ್ ದೂರ, ಗೇಣುದ್ದ ಗುಂಡಿ ತೋಡಿ ಮುಚ್ಚಿ. ಪ್ಯಾಡ್, ಟಿಶ್ಯೂ ಹೂಳಬೇಡಿ, ಜಿಪ್ ಚೀಲದಲ್ಲಿ ಹಾಕಿ ವಾಪಸ್ ತನ್ನಿ. ಎತ್ತರಕ್ಕೆ ಹೋದಾಗ ಮುಟ್ಟು ಹಿಂದೆ ಮುಂದೆ ಆಗುವುದುಂಟು, ತಾರೀಖು ಲೆಕ್ಕ ನಂಬಿ ಬರಿಗೈಲಿ ಹೋಗಬೇಡಿ.

ಕೌಲ್‌ಬಜಾರ್ ಹುಡುಗಿ
ಥ್ಯಾಂಕ್ಸ್ ಅಕ್ಕ. ಇದನ್ನು ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ.

ಕೊಪ್ಪಳ ಕೋಟೆ
ಬ್ಯಾಗ್ ಪ್ರಶ್ನೆ ಹಾಗೇ ಉಳಿಯಿತು. ಟೆಂಟ್, ಸ್ಲೀಪಿಂಗ್ ಬ್ಯಾಗ್, ಒಲೆ, ವಾರದ ಊಟ ಎಲ್ಲ ನೀವೇ ಹೊತ್ತರೆ ಒಬ್ಬೊಬ್ಬರಿಗೆ 15 ಕೆಜಿ ದಾಟುತ್ತದೆ. ಮೊದಲ ಸಲ ಹೋಗುವವರು, ಅದೂ ಈ ಎತ್ತರದಲ್ಲಿ, ಬೇಡ. ಸೋನಮಾರ್ಗ್‌ನಲ್ಲಿ ಕುದುರೆಯವರು ಸಿಗುತ್ತಾರೆ. ದಾರಿ ಗೊತ್ತಿರುವ ಸ್ಥಳೀಯ ಗೈಡ್ ಜೊತೆ ಕುದುರೆ ಮಾತಾಡಿಕೊಳ್ಳಿ. ನೀರು, ಮಳೆ ಜಾಕೆಟ್, ತಿಂಡಿ, ಔಷಧಿ ಇಷ್ಟು ನಿಮ್ಮ ಬೆನ್ನಿಗಿರಲಿ. ಕುದುರೆ ಮುಂದೆ ಹೋಗಿಬಿಟ್ಟಿರುತ್ತದೆ, ಮಳೆ ಬಂದಾಗ ಜಾಕೆಟ್ ಅದರ ಮೇಲಿದ್ದರೆ ಏನು ಪ್ರಯೋಜನ?

ಕಂಪನಿ ಮೂಲಕ ಹೋಗುವುದಾದರೆ ಒಂದು ಮಾತು ಕೇಳಿ ದುಡ್ಡು ಕಟ್ಟಿ: ಗುಂಪಿನಲ್ಲಿ ಎಷ್ಟು ಜನ, ಗೈಡ್ ಎಷ್ಟು ಜನ, ಆಮ್ಲಜನಕದ ಸಿಲಿಂಡರ್ ಜೊತೆಗೆ ನಡೆಯುತ್ತದಾ ಇಲ್ಲಾ ಕ್ಯಾಂಪಿನಲ್ಲಿ ಕೂತಿರುತ್ತದಾ. ನಾವು ಹೋದ ಕಂಪನಿಯಲ್ಲಿ ವಿಶ್ರಾಂತಿ ದಿನ ಅಂತ ಬರೆದಿದ್ದರು, ಹಿಂದಿನ ಗುಂಪು ಬರುತ್ತಿದೆ ಟೆಂಟ್ ಖಾಲಿ ಮಾಡಿ ಅಂತ ಅವತ್ತೇ ಹೊರಡಿಸಿದರು. ಜಗಳ ಆಡಿದ ಮೇಲೆ ನಿಂತೆವು. ಹೆಸರು ಹೇಳಲ್ಲ.

ಗಣಿಧೂಳು
ಆಯ್ತಪ್ಪ, ಎಲ್ಲರೂ ಏಳು ದಿನ ಅಂತೀರಿ. ರಜೆ ಯಾರು ಕೊಡುತ್ತಾರೆ? ರಜೆ ಇಲ್ಲದವರು ಮನೆಯಲ್ಲೇ ಕೂರಬೇಕಾ?

ಸಂಡೂರು ಸುತ್ತಾಟ
ಕೂರಬೇಡಿ, ಚಿಕ್ಕ ದಾರಿ ಆರಿಸಿಕೊಳ್ಳಿ. ನಾರಾನಾಗ್‌ನಿಂದ ಹತ್ತಿ, ನಡುವೆ ಟ್ರುಂಕೋಲ್‌ನಲ್ಲಿ ಒಂದು ರಾತ್ರಿ ಇದ್ದು, ಗಂಗಬಲ್, ನುಂಡ್‌ಕೋಲ್ ನೋಡಿ ಅದೇ ದಾರಿಯಲ್ಲಿ ಇಳಿದು ಬನ್ನಿ. ನಾಲ್ಕು ದಿನದಲ್ಲಿ ಆರಾಮಾಗಿ ಆಗುತ್ತದೆ. ಪಾಸ್ ಇಲ್ಲ, 4,200 ಇಲ್ಲ, ಏನಾದರೂ ಆದರೆ ಇಳಿಯುವ ದಾರಿ ಸದಾ ಹಿಂದೆಯೇ ಇರುತ್ತದೆ. ಹತ್ತುವುದು ಕಡಿದು, ಅದನ್ನು ಒಪ್ಪುತ್ತೇನೆ. ಏಳು ದಿನದ ದಾರಿಯನ್ನು ಐದಕ್ಕೆ ಹಿಂಡುವುದಕ್ಕಿಂತ ನಾಲ್ಕು ದಿನದ ದಾರಿಯನ್ನು ನಾಲ್ಕು ದಿನದಲ್ಲೇ ಮಾಡುವುದು ಮೇಲು.

ಮಿರ್ಚಿ ಮಂಡಕ್ಕಿ
ರೂಪ್‌ಕುಂಡ್‌ಗೆ ಹೋಗಬಹುದಲ್ವಾ? ಅಸ್ಥಿಪಂಜರದ ಕೆರೆ.

ಸಂಡೂರು ಸುತ್ತಾಟ
ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿತು. ತಂಗದೆ ಅದನ್ನು ಮುಟ್ಟಲು ಆಗುವುದಿಲ್ಲ. ಜನ ತುಳಿದು ತುಳಿದು ಹುಲ್ಲೇ ಹೋಗಿತ್ತು.

ಕಂಪ್ಲಿ ಅಳಿಯ
ನಾನೇ ಆ ಭಾವ. ಹೆಂಡತಿ ಲಿಂಕ್ ಕಳಿಸಿದಳು, ಎಲ್ಲ ಓದಿದೆ. ಇಡೀ ಊರಿನ ಮುಂದೆ ಮಾನ ಹರಾಜು ಹಾಕಿದ್ದೀಯಲ್ಲ ಪುಟ್ಟಿ.

ನನ್ನ ಕಡೆಯದೂ ಸ್ವಲ್ಪ ಕೇಳಿ. ನನಗೆ ಸಿಗುವುದು ವಾರದ ರಜೆ, ಎರಡೂ ತುದಿಯ ಶನಿವಾರ-ಭಾನುವಾರ ಸೇರಿಸಿದರೆ ಒಂಬತ್ತು ದಿನ. ಬಳ್ಳಾರಿಯಿಂದ ಹೈದರಾಬಾದ್‌ಗೆ ಹೋಗಲೇ ಒಂದು ರಾತ್ರಿ. ನೀವು ಹೇಳುವಂತೆ ಸೋನಮಾರ್ಗ್‌ನಲ್ಲಿ ಎರಡು ರಾತ್ರಿ, ವಿಶನ್‌ಸರ್‌ನಲ್ಲಿ ಒಂದು ದಿನ ಖಾಲಿ ಅಂದರೆ ವಾಪಸ್ ಬರುವ ವಿಮಾನಕ್ಕೆ ಒಂದು ದಿನವೂ ಉಳಿಯುವುದಿಲ್ಲ. ಮಳೆ ಬಂದು ಒಂದು ದಿನ ನಿಂತರೆ ಟಿಕೆಟ್ ಹೋಯ್ತು, ಕೆಲಸವೂ ಹೋಯ್ತು.

ಸಿಂಧನೂರು ಡಾಕ್ಟ್ರು
ನೀವೇ ಹೇಳಿದಿರಿ ನೋಡಿ. ಮಳೆಗೆ ಒಂದು ದಿನ ಇಲ್ಲದ ಪ್ಲಾನ್ ಪ್ಲಾನೇ ಅಲ್ಲ. ಟಿಕೆಟ್ ಹೋಗುತ್ತದೆ ಅನ್ನುವ ಹೆದರಿಕೆಯಲ್ಲೇ ಜನ ಗುಡುಗಿನಲ್ಲಿ ಪಾಸ್ ಹತ್ತುತ್ತಾರೆ, ತಲೆನೋವು ಮುಚ್ಚಿಡುತ್ತಾರೆ.

ಕೊಪ್ಪಳ ಕೋಟೆ
ಭಾವನವರೇ, ಒಂಬತ್ತು ದಿನಕ್ಕೆ ಗಂಗಬಲ್ ದಾರಿ ಹೇಳಿ ಮಾಡಿಸಿದಂತಿದೆ. ನಾಲ್ಕು ದಿನ ಟ್ರೆಕ್, ಒಂದು ದಿನ ಮಳೆಗೆ, ಉಳಿದದ್ದು ಪ್ರಯಾಣ. ನಾರಾನಾಗ್‌ನಲ್ಲಿ 8ನೇ ಶತಮಾನದ ಲಲಿತಾದಿತ್ಯನ ಕಾಲದ ಗುಡಿಗಳು ಪಾಳುಬಿದ್ದು ನಿಂತಿವೆ, ಅದನ್ನೂ ನೋಡಿ. ಹಂಪಿ ಪಕ್ಕದವರಿಗೆ ಕಲ್ಲು ನೋಡುವ ಕಣ್ಣು ಇದ್ದೇ ಇರುತ್ತದೆ.

ಕಂಪ್ಲಿ ಅಳಿಯ
ಗಡ್‌ಸರ್ ನೋಡದೆ ಬಂದರೆ ಅಷ್ಟು ದೂರ ಹೋಗಿ ಏನು ಪ್ರಯೋಜನ?

ಮಾನ್ವಿ ಮೌಲಾ
ಗಡ್‌ಸರ್ ಎಲ್ಲಿಗೂ ಓಡಿಹೋಗಲ್ಲ.

ಕೌಲ್‌ಬಜಾರ್ ಹುಡುಗಿ
ನಿನ್ನೆ ರಾತ್ರಿ ಮನೆಯಲ್ಲಿ ಕೂತು ಮಾತಾಡಿದೆವು. ಚಿಕ್ಕಮ್ಮನಿಗೆ ಫೋನ್ ಸ್ಪೀಕರ್‌ನಲ್ಲಿ ಹಾಕಿದೆವು. ಅವರು ಒಂದೇ ಮಾತು ಹೇಳಿದರು, "ಓಡಲಿಕ್ಕೆ ಹೋಗುತ್ತೀರಾ, ನೋಡಲಿಕ್ಕೆ ಹೋಗುತ್ತೀರಾ, ಮೊದಲು ಅದನ್ನು ತೀರ್ಮಾನ ಮಾಡ್ರಿ."

ಕೊನೆಗೆ ಆದದ್ದು ಇದು. ಭಾವ, ಅಕ್ಕ ಇಬ್ಬರೂ ನಾರಾನಾಗ್–ಗಂಗಬಲ್ ಮಾಡಿ ಇಳಿದು ಊರಿಗೆ. ನಾನು, ಗೆಳತಿ, ಚಿಕ್ಕಮ್ಮ ಪೂರ್ತಿ ದಾರಿ. ಶ್ರೀನಗರದಲ್ಲಿ ಒಂದು ರಾತ್ರಿ, ಸೋನಮಾರ್ಗ್‌ನಲ್ಲಿ ಎರಡು, ವಿಶನ್‌ಸರ್‌ನಲ್ಲಿ ಒಂದು ದಿನ ನಿಲ್ಲುವುದು, ಸತ್‌ಸರ್‌ನಲ್ಲೂ ತಂಗುವುದು, ಕೊನೆಯಲ್ಲಿ ಒಂದು ದಿನ ಖಾಲಿ. ಗಂಗಬಲ್‌ನಲ್ಲಿ ಎರಡೂ ಗುಂಪು ಸೇರುವ ಹಾಗೆ ತಾರೀಖು ಕೂಡಿಸುತ್ತಿದ್ದೇವೆ.

ಸಂಡೂರು ಸುತ್ತಾಟ
ಚೆನ್ನಾಗಿದೆ. ಆದರೆ ಗಂಗಬಲ್‌ನಲ್ಲಿ ಸೇರಲೇಬೇಕು ಅಂತ ಗಂಟು ಹಾಕಿಕೊಳ್ಳಬೇಡಿ. ಸಿಗ್ನಲ್ ಇಲ್ಲ, ನಿಮಗೆ ಒಂದು ದಿನ ತಡ ಆದರೆ ಭಾವ ಅಲ್ಲಿ ಗಾಬರಿ ಬೀಳುತ್ತಾರೆ, ನೀವು ಇಲ್ಲಿ ಅವಸರ ಮಾಡುತ್ತೀರಿ. ಇಂಥ ತಾರೀಖಿನವರೆಗೆ ಕಾಯುತ್ತೇವೆ, ಬರದಿದ್ದರೆ ಇಳಿಯುತ್ತೇವೆ ಅಂತ ಮೊದಲೇ ಮಾತಾಡಿಕೊಳ್ಳಿ.

ಕಂಪ್ಲಿ ಅಳಿಯ
ಇದು ಸರಿ. ಹಾಗೇ ಮಾಡುತ್ತೇವೆ. ಈಗ ಶೂ ಹೇಳಿ. ನನ್ನ ಅಳತೆ ಎಂಟು, ಅಂಗಡಿಯವನು ಒಂಬತ್ತು ತಗೊಳ್ಳಿ ಅನ್ನುತ್ತಾನೆ. ಮಾರಲಿಕ್ಕೆ ಹೇಳುತ್ತಿದ್ದಾನಾ?

ಕೊಪ್ಪಳ ಕೋಟೆ
ದಪ್ಪ ಕಾಲುಚೀಲ ಹಾಕಿಕೊಂಡು ಸಂಜೆ ಹೊತ್ತು ಹೋಗಿ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಇಳಿಜಾರಿನಲ್ಲಿ ನಿಂತಾಗ ಹೆಬ್ಬೆರಳು ಮುಂದೆ ತಾಗಬಾರದು. ಎಂಟೂವರೆ ಸಿಕ್ಕರೆ ಅದೇ. ಈಗಲೇ ಕೊಂಡು ಊರಲ್ಲಿ ಹಾಕಿಕೊಂಡು ಓಡಾಡಿ, ಹೊಸ ಶೂ ಅಲ್ಲಿ ಬಿಚ್ಚಬೇಡಿ.

ಗಣಿಧೂಳು
ಒಂಬತ್ತೇ ತಗೊಳ್ಳಿ. ಎರಡು ಕಾಲುಚೀಲ ಹಾಕಬಹುದು.

ಕೊಪ್ಪಳ ಕೋಟೆ
ಎರಡು ಹಾಕಿ ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಇವರ ಮಾತು ಕೇಳಬೇಡಿ ಭಾವನವರೇ. ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿ, ನಾರಾನಾಗ್ ಇಳಿಯುವಾಗ ನೆನಪಾಗುತ್ತದೆ.